ಕಲಿಯುಗಕ್ಕೆ ಉಲ್ಟಾ ನಡೆದವನು

ಮೇ ತಿಂಗಳಲ್ಲಿ ವಿಜಯಪುರದ ಯಾರನ್ನೇ ಮಾತಾಡಿಸಿ, ‘ವಿಪರೀತ ಬಿಸಿಲ್ರೀ’ ಅಂತಾರೆ. ವಿಪರೀತ ಅಂದರೆ ತುಂಬಾ ಜಾಸ್ತಿ, ಅಷ್ಟೇ ಅಲ್ವಾ? ಬಾದಾಮಿಯ ಬಂಡೆ ಬೇರೇನೋ ಹೇಳುತ್ತದೆ.

ಅಲ್ಲಿ ಅಗಸ್ತ್ಯತೀರ್ಥ ಕೆರೆಯ ಈಶಾನ್ಯಕ್ಕೆ ಕಪ್ಪೆ ಅರಭಟ್ಟ ಅನ್ನುವ ವೀರನ ಶಾಸನವಿದೆ. ಸುಮಾರು ಕ್ರಿ.ಶ. 700ರದ್ದು. ಕನ್ನಡದಲ್ಲಿ ಸಿಕ್ಕಿರುವ ಅತಿ ಹಳೆಯ ತ್ರಿಪದಿ ಇರುವುದು ಇದರಲ್ಲೇ. ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್.’ ಇಂದಿನ ಅರ್ಥ ಹಚ್ಚಿ ಓದಿದರೆ ಪಾಪ ಅರಭಟ್ಟ ‘ಸಿಕ್ಕಾಪಟ್ಟೆ ಕಲಿಯುಗದವನು’ ಆಗಿಬಿಡುತ್ತಾನೆ! ಶಾಸನ ಅವನನ್ನು ಹೊಗಳುತ್ತಿದೆ. ಒಳ್ಳೆಯವರಿಗೆ ಒಳ್ಳೆಯವನು, ಸವಿಯಾಗಿ ನಡೆದವರಿಗೆ ಸವಿ, ಕಲಿಯುಗದ ದಾರಿಗೆ ಮಾತ್ರ ಉಲ್ಟಾ. ಈ ವಿಪರೀತ ಶಾಸನದಲ್ಲಿ ಮತ್ತೆ ಮತ್ತೆ ಬರುತ್ತದೆ. ಬರೆಸಿದವರಿಗೆ ಪದ ಬಲು ಹಿಡಿಸಿತ್ತು ಅಂತ ಕಾಣುತ್ತದೆ.

ಪದ ಬಿಡಿಸಿದರೂ ಅದೇ ಅರ್ಥ. ಸಂಸ್ಕೃತದ ವಿ, ಪರಿ, ಇತ. ಇತ ಅಂದರೆ ಹೋದದ್ದು, ಪರಿ ಅಂದರೆ ಸುತ್ತ. ಸುತ್ತಿ ಹೊರಳಿ ಬೇರೆ ಕಡೆಗೆ ಹೋದದ್ದು, ತಿರುಗಾಮುರುಗಾ ಆದದ್ದು.

ಹಾಗಾದರೆ ‘ಜಾಸ್ತಿ’ ಎಲ್ಲಿಂದ ಬಂತು? ‘ಈ ಸಲ ಮಳೆ ವಿಪರೀತ’ ಅನ್ನುವ ಮಾತನ್ನೇ ನೋಡಿ. ಹೇಳಿದವರ ಮನಸ್ಸಿನಲ್ಲಿ ‘ವಾಡಿಕೆಗೆ ವಿರುದ್ಧ’ ಅಂತಿರಬಹುದು. ಕೇಳಿದವರ ಕಣ್ಣೆದುರು ಹಳ್ಳ ತುಂಬಿ ಹರಿಯುತ್ತಿದೆ. ಅವರು ‘ಬಹಳ’ ಅಂತ ತಿಳಿದುಕೊಂಡರೂ ಮಾತೇನೂ ಕೆಡುವುದಿಲ್ಲ. ಎರಡು ಅರ್ಥಕ್ಕೂ ಎಡೆ ಇರುವ ಇಂಥ ವಾಕ್ಯಗಳನ್ನು ಭಾಷಾವಿಜ್ಞಾನಿಗಳು ಸೇತುವೆ ಅಂತ ಕರೆಯುತ್ತಾರೆ. ಪದ ಇಲ್ಲೇ ಆಚೆ ದಡಕ್ಕೆ ದಾಟುವುದು. ಆಮೇಲೆ ಬಂದವರು ಎರಡನೇ ಅರ್ಥವನ್ನೇ ಕಲಿತು ‘ವಿಪರೀತ ಖುಷಿ’ ಅಂತಾರೆ. ಅದರಲ್ಲಿ ಉಲ್ಟಾ ಏನೂ ಇಲ್ಲ. ‘ಭಯಂಕರ ಚಂದ’ ಅಂದಾಗ ಭಯ ಎಲ್ಲಿದೆ ಹೇಳಿ!

ಹಳೆ ಅರ್ಥ ಸತ್ತೇನೂ ಹೋಗಿಲ್ಲ. ‘ವಿನಾಶಕಾಲೇ ವಿಪರೀತ ಬುದ್ಧಿ’ ಅಂದರೆ ಬುದ್ಧಿ ಜಾಸ್ತಿಯಾಯಿತು ಅಂತಲ್ಲ, ಉಲ್ಟಾ ಓಡುತ್ತಿದೆ ಅಂತ. ಯೋಗದ ವಿಪರೀತಕರಣಿಯಲ್ಲಿ ಕಾಲು ಮೇಲೆ, ತಲೆ ಕೆಳಗೆ.

ತೆಲುಗಿನಲ್ಲೂ ಈ ಪದ ನಮ್ಮಂತೆಯೇ ‘ಜಾಸ್ತಿ’ಯ ಕಡೆ ಸರಿದಿದೆ. ಹಿಂದಿಯಲ್ಲಿ ‘ವಿರುದ್ಧ’ವಾಗಿಯೇ ಉಳಿದಿದೆ. ಮರಾಠಿಯಲ್ಲಿ ಅದಕ್ಕೆ ಕೆಡುಕಿನ ವಾಸನೆ. ಬೆಳಗಾವಿಯ ಒಂದೇ ಓಣಿಯಲ್ಲಿ ಕನ್ನಡದವರು ‘ವಿಪರೀತ ಆತು’ ಅಂದರೆ ಅತಿಯಾಯಿತು. ಮರಾಠಿಯವರು ‘ವಿಪರೀತ ಘಡಲಂ’ ಅಂದರೆ ಆಗಬಾರದ್ದು ಆಯಿತು.