ಮುಗಿಯದ ಸೆಪ್ಟೆಂಬರ್: ಯೂಸ್‌ನೆಟ್ ಸೊರಗಿದ್ದು ಹೇಗೆ

ನೆಟ್ಟಲ್ಲಿ ಯಾವುದಾದ್ರೂ ಗುಂಪು ಕೆಟ್ಟುಹೋದ್ರೆ "ಜನ ಜಾಸ್ತಿ ಆದ್ರು ಕಣ್ರೀ, ಅದಕ್ಕೇ" ಅಂತಾರಲ್ಲ, ಈ ದೂರು ಮೂವತ್ತು ವರ್ಷ ಹಳೇದು. ನಂಗೇನೋ ಅದು ಅರ್ಧ ಸತ್ಯ ಅನ್ಸುತ್ತೆ, ಯಾಕೆ ಅಂತ ಯೂಸ್‌ನೆಟ್ ಕತೆ ನೋಡಿದ್ರೆ ಗೊತ್ತಾಗುತ್ತೆ. ಯೂಸ್‌ನೆಟ್ ಅಂದ್ರೆ ವೆಬ್ಬಿಗೂ ಮುಂಚಿನ ಹರಟೆಕಟ್ಟೆ, ಒಂದೊಂದು ವಿಷಯಕ್ಕೂ ಒಂದೊಂದು ಗ್ರೂಪು, ಯಾರು ಬೇಕಾದ್ರೂ ಮೆಸೇಜ್ ಹಾಕಬಹುದಿತ್ತು.

1979ರಲ್ಲಿ ಅಮೆರಿಕದ ಡ್ಯೂಕ್ ಯೂನಿವರ್ಸಿಟಿಲಿ ಓದ್ತಿದ್ದ ಟಾಮ್ ಟ್ರಸ್ಕಾಟ್, ಜಿಮ್ ಎಲ್ಲಿಸ್ ತಲೇಲಿ ಹೊಳೆದಿದ್ದು ಇದು, ಮಾರನೇ ವರ್ಷ ಶುರುವಾಯ್ತು. ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಫೋನ್ ಮಾಡಿ, ಅದೂ ಕಾಲ್ ರೇಟ್ ಕಮ್ಮಿ ಅಂತ ರಾತ್ರಿ ಹೊತ್ತು ಮಾಡಿ, ಮೆಸೇಜುಗಳನ್ನ ದಾಟಿಸ್ತಿತ್ತು. ಓನರ್ ಇಲ್ಲ, ಮುಖ್ಯ ಸರ್ವರ್ ಅಂತಾನೂ ಇಲ್ಲ. 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ತಾನು ಬರೀತಿದ್ದ ಆಪರೇಟಿಂಗ್ ಸಿಸ್ಟಮ್, ಅಂದ್ರೆ ಲಿನಕ್ಸ್ ಬಗ್ಗೆ ಹೇಳ್ಕೊಂಡಿದ್ದು ಇಲ್ಲೇ. ನಮ್ಮವರಿಗೂ ಕರ್ನಾಟಕದ ಹೆಸರಲ್ಲೇ ಒಂದು ಗ್ರೂಪಿತ್ತು, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಕೊಂಡು ಮಾತಾಡ್ತಿದ್ರು.

ಓನರ್ರೇ ಇಲ್ಲದ ಜಾಗ ನಡೀತಿದ್ದಿದ್ದು ಹೇಗೆ? ರೂಢಿಯಿಂದ. ಪ್ರತಿ ವರ್ಷ ಸೆಪ್ಟೆಂಬರಲ್ಲಿ ಕಾಲೇಜಿಗೆ ಹೊಸಬರು ಬರೋರು, ಅಲ್ಲಿನ ಕಂಪ್ಯೂಟರಲ್ಲಿ ಯೂಸ್‌ನೆಟ್ ಸಿಕ್ಕಿದ್ದೇ ತಡ, ಸಿಕ್ಕಿದ ಗ್ರೂಪಿಗೆಲ್ಲ ನುಗ್ಗಿ ಕೇಳಿದ್ದನ್ನೇ ಕೇಳೋರು, ಹಳಬರು ಒಂದಿಷ್ಟು ಬೈದು, ಒಂದಿಷ್ಟು ಹೇಳಿಕೊಟ್ಟು, "ಮೊದಲು ಎಫ್‌ಎಕ್ಯೂ (ಎಲ್ರೂ ಕೇಳೋ ಪ್ರಶ್ನೆಗಳ ಉತ್ತರದ ಪಟ್ಟಿ) ಓದಪ್ಪ" ಅಂತ ದಾರಿಗೆ ತರೋರು, ಅಷ್ಟೊತ್ತಿಗೆ ಒಂದೆರಡು ತಿಂಗಳು ಕಳೆದು ಗಲಾಟೆ ತಣ್ಣಗಾಗೋದು. ಹಳಬರದ್ದು ಕಿರಿಕಿರಿಯೂ ಹೌದು, ಗತ್ತೂ ಹೌದು, ಆದ್ರೂ ಪಾಠ ನಡೀತಿತ್ತು.

1993-94ರ ಹೊತ್ತಿಗೆ, ಅಮೆರಿಕದಲ್ಲಿ ಮನೆಮನೆಗೆ ಫೋನ್ ಲೈನಲ್ಲಿ ಆನ್‌ಲೈನ್ ಸೇವೆ ಕೊಡ್ತಿದ್ದ ಎಒಎಲ್ ಕಂಪನಿ ತನ್ನ ಗಿರಾಕಿಗಳಿಗೆಲ್ಲ ಯೂಸ್‌ನೆಟ್ ಬಾಗಿಲು ತೆಗೀತು. ಆಗ ವರ್ಷಕ್ಕೊಂದು ಬ್ಯಾಚ್ ಹೋಗಿ ದಿನಾ ಬ್ಯಾಚ್ ಬರೋ ಹಾಗಾಯ್ತು, ಹೇಳಿಕೊಡೋರಿಗೆ ಉಸಿರಾಡೋಕೂ ಪುರುಸೊತ್ತಿಲ್ಲ. ಹೊಸ ನೀರಲ್ಲಿ ಹಳೇ ನೀರು ಕೊಚ್ಕೊಂಡು ಹೋಯ್ತು. 1993ರ ಸೆಪ್ಟೆಂಬರ್ ಮುಗೀಲೇ ಇಲ್ಲ ಅಂತ ಹಳಬರು ಆಡ್ಕೊಳೋಕೆ ಶುರುಮಾಡಿದ್ದು ಆಗಲೇ. ಜನ ಎಷ್ಟು ಬಂದ್ರು ಅನ್ನೋದಕ್ಕಿಂತ ಎಷ್ಟು ಬೇಗ ಬಂದ್ರು ಅನ್ನೋದೇ ಹೊಡೆತ ಕೊಟ್ಟಿದ್ದು ಅಂತ ನನ್ನ ಲೆಕ್ಕ.

ಅದರ ಮೇಲೆ 1994ರ ಏಪ್ರಿಲಲ್ಲಿ ಅರಿಜೋನದ ಇಬ್ರು ವಕೀಲರು ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನ ಸಾವಿರಾರು ಗ್ರೂಪಿಗೆ ಒಂದೇ ಏಟಿಗೆ ಸುರಿದ್ರು. ಜನ ಉಗಿದ್ರು, ಆದ್ರೆ ತಡೆಯೋಕೆ ಕೀಲಿಕೈ ಯಾರ ಹತ್ರ ಇತ್ತು? ಓನರ್ ಇಲ್ಲ ಅನ್ನೋ ಹೆಮ್ಮೆನೇ ಕುತ್ತಿಗೆಗೆ ಬಂತು. ಆಮೇಲೆ ಸ್ಪ್ಯಾಮು, ಪೈರಸಿ ಫೈಲು ತುಂಬ್ಕೊಂಡ್ವು, ಮಾತಾಡೋ ಜನ ವೆಬ್ಬಿಗೆ ಎದ್ದು ಹೋದ್ರು. ನೆರೆ ತಂದ ಎಒಎಲ್ಲೇ 2005ರಲ್ಲಿ ಕೈ ತೊಳ್ಕೊಂಡ್ತು, 2010ರಲ್ಲಿ ತವರುಮನೆ ಡ್ಯೂಕ್ ಕೂಡ ತನ್ನ ಸರ್ವರ್ ಆಫ್ ಮಾಡ್ತು.

ಪೂರ್ತಿ ಸತ್ತಿಲ್ಲ, ಕೆಲವು ಗ್ರೂಪಲ್ಲಿ ಇವತ್ತೂ ಮಾತು ನಡೆಯುತ್ತೆ. ಕೆಲವರು ತಮಾಷೆಗೆ ಆ ಸೆಪ್ಟೆಂಬರಿನ ತಾರೀಖನ್ನ ಮೂವತ್ತಕ್ಕೆ ನಿಲ್ಲಿಸದೆ ಮೂವತ್ತೊಂದು, ಮೂವತ್ತೆರಡು ಅಂತ ಎಣಿಸ್ತಾನೇ ಇದಾರೆ, ಆ ಲೆಕ್ಕದಲ್ಲಿ, ಯೂಸ್‌ನೆಟ್ಟನ್ನ ವೆಬ್ಬಲ್ಲಿ ತೋರಿಸ್ತಿದ್ದ ಗೂಗಲ್ ಗ್ರೂಪ್ಸ್ ಹೊಸ ಯೂಸ್‌ನೆಟ್ ಮೆಸೇಜಿಗೆ ಬಾಗಿಲು ಹಾಕಿದ 2024ರ ಫೆಬ್ರವರಿ 22, ಅಂದ್ರೆ 1993ರ ಸೆಪ್ಟೆಂಬರ್ 11132.