ಗೇಟಿಗೆ ಹನ್ನೆರಡು ವೋಲ್ಟ್ ಸಾಕು

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಎಷ್ಟೋ ಮನೆಗಳು ಅಡಿಕೆ ತೋಟದ ನಡುವೆ ಇರುತ್ತವೆ, ಗೇಟು ಮಾತ್ರ ಎಲ್ಲೋ ಮೇಲೆ ರಸ್ತೆ ಬದಿಯಲ್ಲಿ. ರಾತ್ರಿ ಬಂದವರು ಗೇಟಿನ ಹತ್ತಿರವೇ ಸ್ವಿಚ್ ಒತ್ತಿ ಅಂಗಳದ ದೀಪ ಹಾಕುವಂತಿದ್ದರೆ ಒಳ್ಳೆಯದು. ಆದರೆ ಅದಕ್ಕಾಗಿ 230 ವೋಲ್ಟಿನ ವಯರನ್ನು ಮರದಿಂದ ಮರಕ್ಕೆ ಕಟ್ಟಿ ಒಯ್ಯುವುದು ಅಪಾಯದ ಕೆಲಸ. ಮಳೆಗಾಲದಲ್ಲಿ ಸೋಗೆ ಬಿದ್ದು ವಯರು ತುಂಡಾದರೆ? ಇಲ್ಲಿ ಬೇಕಾದ್ದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ನಡೆಯುವ ಸ್ವಿಚ್.

ಅಮೆರಿಕದ ಜೋಸೆಫ್ ಹೆನ್ರಿ 1835ರ ಹೊತ್ತಿಗೇ ಇದರ ತತ್ವ ತೋರಿಸಿದ್ದರು. ದೂರದಿಂದ ಬರುವ ಸಣ್ಣ ಕರೆಂಟು ಕಾಯಿಲನ್ನು (ತಂತಿಯ ಸುರುಳಿಯನ್ನು) ಅಯಸ್ಕಾಂತ ಮಾಡುತ್ತದೆ. ಅದು ಕಬ್ಬಿಣದ ಪಟ್ಟಿಯನ್ನು ಎಳೆಯುತ್ತದೆ, ಟಕ್ ಅಂತ ಕಾಂಟ್ಯಾಕ್ಟ್ ಸೇರುತ್ತದೆ, ದೀಪ ಹತ್ತುತ್ತದೆ. ಕಾಯಿಲಿಗೂ ಕಾಂಟ್ಯಾಕ್ಟಿಗೂ ನಡುವೆ ವಯರಿನ ಸಂಬಂಧವೇ ಇಲ್ಲ. ಗೇಟಿಗೆ ಹೋಗುವುದು ಬರೀ 12 ವೋಲ್ಟ್. 230 ವೋಲ್ಟ್ ಮನೆಯ ಪೆಟ್ಟಿಗೆಯೊಳಗೆ, ದೀಪದ ಲೈನಿನಲ್ಲಿ ಉಳಿಯುತ್ತದೆ.

ಅಷ್ಟು ದೂರ ಹೋದರೆ ವೋಲ್ಟೇಜ್ ಇಳಿಯುವುದಿಲ್ಲವೇ? ಲೆಕ್ಕ ಹಾಕಿ ನೋಡಿ. ಸಣ್ಣ 12 ವೋಲ್ಟ್ ರಿಲೇಯ ಕಾಯಿಲು ಸುಮಾರು 400 ಓಮ್, ಎಳೆಯುವುದು 30 ಮಿಲಿಆಂಪ್. ಗೇಟು 100 ಮೀಟರ್ ದೂರವಿದ್ದು ಅರ್ಧ ಚದರ ಮಿಲಿಮೀಟರ್ ವಯರು ಹಾಕಿದರೆ, ಹೋಗಿಬರುವ 200 ಮೀಟರಿನ ರೆಸಿಸ್ಟೆನ್ಸ್ ಸುಮಾರು 8 ಓಮ್. ಇಳಿಯುವುದು ಕಾಲು ವೋಲ್ಟ್ ಅಷ್ಟೇ. ಆದರೆ ಉದ್ದ ವಯರಿಗೆ ಗುಡುಗು ಸಿಡಿಲಿನ ಕಾಟ ಇದ್ದದ್ದೇ. ಪೈಪಿನೊಳಗೆ ಹಾಕಿ ಹೂಳುವುದು ವಾಸಿ. ಸಿಡಿಲು ಶುರುವಾಗುವ ಮೊದಲೇ, ಮೇನ್ಸಿನಿಂದ 12 ವೋಲ್ಟ್ ಮಾಡಿಕೊಡುವ ಅಡಾಪ್ಟರ್ ಕಳಚಿ ಇಟ್ಟರೆ ಇನ್ನೂ ಒಳ್ಳೆಯದು.

ನಿಜವಾದ ಅಪಾಯ ಇರುವುದು ಆ ಅಡಾಪ್ಟರಿನಲ್ಲೇ. ಕೆಲವು ಅಗ್ಗದ ಬೋರ್ಡುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಕೆಪಾಸಿಟರಿನಿಂದಲೇ ವೋಲ್ಟೇಜ್ ಇಳಿಸಿರುತ್ತಾರೆ. ಮೀಟರಿನ ಎರಡು ಕಡ್ಡಿಯನ್ನು ಔಟ್‌ಪುಟ್ಟಿಗೆ ಇಟ್ಟರೆ ಸರಿಯಾಗಿ 12 ತೋರಿಸುತ್ತದೆ. ಆದರೆ ನೆಲದಿಂದ ಅಳೆದರೆ ಅದೇ ವಯರಿನಲ್ಲಿ 230 ಇರಬಹುದು! ರಿಲೇ ಎಷ್ಟೇ ಚೆನ್ನಾಗಿದ್ದರೂ ಆಗ ಗೇಟಿನ ಸ್ವಿಚ್ಚಿಗೆ ಮೇನ್ಸ್ ಬಂದಂತೆಯೇ. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ, ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತಿನ, ಸೀಲ್ ಮಾಡಿದ ಅಡಾಪ್ಟರ್ ತೆಗೆದುಕೊಳ್ಳಿ. ಇಲ್ಲಿ ಉಳಿಸುವ ಐವತ್ತು ರೂಪಾಯಿ ಯಾವ ಲಾಭಕ್ಕೆ?

ಕಾಯಿಲಿಗೆ ಅಡ್ಡಲಾಗಿ 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಬೇಕು, ಅದರ ಬಿಳಿ ಗೆರೆ ಪ್ಲಸ್ ಕಡೆಗಿರಲಿ. ಕರೆಂಟು ಕಡಿದ ಕ್ಷಣ ಕಾಯಿಲು ನೂರಾರು ವೋಲ್ಟಿನ ಹೊಡೆತ ಕೊಡಬಲ್ಲದು. ಕತ್ತಲಾದಾಗ ತಾನೇ ಹತ್ತುವ ಸೆನ್ಸರ್ ಸೇರಿಸಿದ್ದರೆ, ಡಯೋಡ್ ಇಲ್ಲದೆ ಅದರ ಟ್ರಾನ್ಸಿಸ್ಟರ್ ಸುಟ್ಟುಹೋಗುತ್ತದೆ.

230ರ ಕಡೆ ಫೇಸ್ ವಯರು ಎಂಸಿಬಿಯಿಂದ (ಕರೆಂಟು ಮಿತಿಮೀರಿದರೆ ತಾನೇ ಬೀಳುವ ಸ್ವಿಚ್ಚಿನಿಂದ) ರಿಲೇಯ ಕಾಮನ್‌ಗೆ ಬರಬೇಕು, ಎನ್‌ಓದಿಂದ ದೀಪಕ್ಕೆ ಹೋಗಬೇಕು. ಕಾಮನ್, ಎನ್‌ಓ ಅಂದರೆ ರಿಲೇ ಎಳೆದಾಗ ಮಾತ್ರ ಒಂದಕ್ಕೊಂದು ಸೇರುವ ಅದರ ಎರಡು ಕಾಲುಗಳು. ನ್ಯೂಟ್ರಲ್ ನೇರ ದೀಪಕ್ಕೇ. ನ್ಯೂಟ್ರಲನ್ನು ಕಡಿದರೂ ದೀಪ ಆರುತ್ತದೆ ನಿಜ, ಆದರೆ ಹೋಲ್ಡರಿನಲ್ಲಿ ಫೇಸ್ ಹಾಗೇ ಇರುತ್ತದೆ. ಒದ್ದೆ ಏಣಿ ಮೇಲೆ ನಿಂತು ಬಲ್ಬ್ ಬದಲಾಯಿಸುವವರಿಗೆ ಅದು ಗೊತ್ತಾಗುವುದಿಲ್ಲ ಅಲ್ವಾ? ಸ್ವಿಚ್ ಆಫ್ ಮಾಡಿದರೂ ಎಲ್‌ಇಡಿ ಮಿಣುಕುತ್ತಿದ್ದರೆ ಈ ಅನುಮಾನ ಬರಲಿ. ವಯರುಗಳು ಉದ್ದಕ್ಕೆ ಒಟ್ಟಿಗೆ ಹೋದರೂ ಹಾಗಾಗುವುದುಂಟು, ಪರೀಕ್ಷಿಸಿಯೇ ನೋಡಬೇಕು.

ರಿಲೇ ಮೇಲೆ 10 ಆಂಪ್ ಅಂತ ಬರೆದಿದೆ ಎಂದು ಐದಾರು ಫ್ಲಡ್‌ಲೈಟ್ ಸಿಕ್ಕಿಸಬೇಡಿ. ಎಲ್‌ಇಡಿ ಲೈಟುಗಳು ಹತ್ತುವ ಕ್ಷಣ ಮಾತ್ರ ಬಹಳ ಜಾಸ್ತಿ ಕರೆಂಟು ಎಳೆಯುತ್ತವೆ. ಕಾಂಟ್ಯಾಕ್ಟ್ ಬೆಸುಗೆ ಹಾಕಿದ ಹಾಗೆ ಅಂಟಿಕೊಂಡರೆ ದೀಪ ಆರುವುದೇ ಇಲ್ಲ. ಅಷ್ಟು ಲೈಟಿಗೆ ಕಾಂಟ್ಯಾಕ್ಟರ್, ಅಂದರೆ ಹೆಚ್ಚು ಕರೆಂಟು ತಡೆಯುವ ದೊಡ್ಡ ರಿಲೇ ಬೇಕು. ಪೆಟ್ಟಿಗೆಯನ್ನು ಮಾಡಿನ ಕೆಳಗೆ, ಇರುವೆ ಹಲ್ಲಿ ನುಗ್ಗದ ಹಾಗೆ ಮುಚ್ಚಿಡಿ. 230ರ ಜೋಡಣೆಯನ್ನು ಲೈಸೆನ್ಸ್ ಇರುವ ವಯರ್‌ಮ್ಯಾನ್ ಕೈಯಲ್ಲೇ ಮಾಡಿಸಿ. ಈ ಲೈನಿಗೆ, ಕರೆಂಟು ನೆಲಕ್ಕೆ ಸೋರಿದರೆ ಲೈನು ಕಡಿಯುವ 30 ಮಿಲಿಆಂಪಿನ ಇಎಲ್‌ಸಿಬಿ ಇದೆಯೇ ಎಂದೂ ಅವರಲ್ಲೇ ಕೇಳಿ.