ಒಂಬತ್ತನೆಯ ದಿನದ ಗುಳಿಗೆ

ಕಳೆದ ವರ್ಷ ಮೇ ತಿಂಗಳ ಒಂದು ನಸುಕಿನಲ್ಲಿ, ತಿಕೋಟಾದ ಬಳಿ ದ್ರಾಕ್ಷಿ ಪಡ ಮಾಡಿರುವ ನನ್ನ ಅಕ್ಕನ ಮಗನಿಂದ ಫೋನ್ ಬಂದಿತು. "ಮಾಮಾ, ಗುಳಿಗಿ ಚಾಲೂ ಮಾಡಿ ಒಂಬತ್ತ ದಿನಾ ಆತು. ಕಡಿಮಿ ಆಗೂದು ದೂರ ಉಳೀತು, ಎದಿ ಹೊಡಕೊಳ್ಳೂದು ಮೊದಲಗಿಂತ ಜಾಸ್ತಿ ಆಗೇತಿ. ಇವತ್ತಿನಿಂದ ಬಿಟ್ಟಬಿಡ್ತೀನಿ" ಎಂದ. ಎರಡು ತಿಂಗಳಿನಿಂದ ಅವನಿಗೆ ಕಾರಣವಿಲ್ಲದೆ ಜೀವವೇ ಹೋದಂತಾಗುವ ಭಯದ ದಾಳಿಗಳು ಬರುತ್ತಿದ್ದವು. ಇಸಿಜಿ, ರಕ್ತಪರೀಕ್ಷೆ ಎಲ್ಲವೂ ಸರಿಯಿದ್ದವು. ವಿಜಯಪುರದ ಮನೋವೈದ್ಯರೊಬ್ಬರು ಎಸ್ಸಿಟಲೋಪ್ರಾಮ್ ಎಂಬ ಆತಂಕದ ಗುಳಿಗೆ ಬರೆದುಕೊಟ್ಟು, ಸ್ವಲ್ಪ ದಿನ ಕಾಯಬೇಕು ಎಂದಿದ್ದರು. ಏಕೆ ಕಾಯಬೇಕು ಎಂಬುದನ್ನು ಹೇಳಿರಲಿಲ್ಲ. ಹೊರಗೆ ಪಾಳಿ ಹಚ್ಚಿ ಕುಳಿತ ರೋಗಿಗಳ ಸಂಖ್ಯೆ ನೋಡಿದರೆ ಅವರಿಗೆ ಅಷ್ಟು ಪುರುಸೊತ್ತು ಇದ್ದಂತೆಯೂ ಇರಲಿಲ್ಲ. ಇತ್ತ ಊರಿನಲ್ಲಿ, ಹುಡುಗನಿಗೆ ಗಾಳಿ ಸೋಕಿದೆ, ಗುಳಿಗೆಯಿಂದ ಹೋಗುವಂಥದ್ದಲ್ಲ ಎಂಬ ಮಾತು ಆಗಲೇ ಶುರುವಾಗಿತ್ತು.

ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಹೇಳಿದ ನನಗೆ ಆ "ಏಕೆ" ಎಂಬ ಪ್ರಶ್ನೆಗಿಂತ ಚಂದದ ಪ್ರಶ್ನೆ ಬೇರೊಂದಿಲ್ಲ ಎನ್ನಿಸುತ್ತದೆ. ತಲೆನೋವಿನ ಗುಳಿಗೆ ಅರ್ಧ ತಾಸಿನಲ್ಲಿ ಕೆಲಸ ಮಾಡುತ್ತದೆ. ಆತಂಕದ ಗುಳಿಗೆ ಎರಡರಿಂದ ಆರು ವಾರ ತೆಗೆದುಕೊಳ್ಳುತ್ತದೆ. ಆ ಅವಧಿಯಲ್ಲಿ ಗುಳಿಗೆ ಸುಮ್ಮನೆ ಕುಳಿತಿರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಆ ತಿಳಿವಳಿಕೆ ತಪ್ಪು, ಮತ್ತು ಆ ತಪ್ಪಿನಿಂದಲೇ ಎಷ್ಟೋ ಜನ ಎರಡನೆಯ ವಾರದಲ್ಲಿ ಚಿಕಿತ್ಸೆಯನ್ನು ಕೈಬಿಡುತ್ತಾರೆ.

ಮೆದುಳಿನಲ್ಲಿ ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕ ಕಡಿಮೆಯಾಗಿದೆ, ಗುಳಿಗೆ ಅದನ್ನು ತುಂಬಿಕೊಡುತ್ತದೆ ಎಂಬ ವಿವರಣೆಯನ್ನು ನೀವೂ ಕೇಳಿರಬಹುದು. ಅದು ಹೇಳಲು ಸುಲಭ. ಆದರೆ ಹಾಗೊಂದು ಕೊರತೆಯೇ ಕಾಯಿಲೆಯ ಮೂಲ ಎಂಬುದು ಸಾಬೀತಾಗಿಲ್ಲ. ಸಂಗತಿ ಅಷ್ಟೇ ಆಗಿದ್ದರೆ ಬೆಳಿಗ್ಗೆ ಗುಳಿಗೆ ನುಂಗಿದವನಿಗೆ ಸಂಜೆಗೆ ಆರಾಮವಾಗಬೇಕಿತ್ತು, ಏಕೆಂದರೆ ನರಕೋಶಗಳ ಸುತ್ತಲಿನ ಸೆರೊಟೋನಿನ್ ಕೆಲವೇ ತಾಸುಗಳಲ್ಲಿ ಏರುತ್ತದೆ. ಸೆರೊಟೋನಿನ್ ಏರಿಯೂ ಆತಂಕ ಇಳಿಯುವುದಿಲ್ಲವೆಂದರೆ ನಡುವೆ ಬೇರೇನೋ ನಡೆಯುತ್ತಿರಬೇಕು.

ಅದನ್ನು ತಿಳಿಯಲು ಆಲಮಟ್ಟಿಗೆ ಬನ್ನಿ. ಅಲ್ಲಿನ ಅಣೆಕಟ್ಟಿಗೆ 26 ಗೇಟುಗಳಿವೆ. ನಮ್ಮ ಕಲ್ಪನೆಗೆ ಒಂದೇ ಗೇಟು, ಒಂದೇ ಕಾಲುವೆ ಸಾಕು. ಗೇಟಿನಿಂದ ಬಿಟ್ಟ ನೀರಿನಲ್ಲಿ ಬಹುಪಾಲನ್ನು ಮತ್ತೆ ಜಲಾಶಯಕ್ಕೇ ಎತ್ತಿ ಹಾಕುವ ಪಂಪುಗಳು ಕಾಲುವೆಯ ಉದ್ದಕ್ಕೂ ಇವೆ ಎಂದುಕೊಳ್ಳಿ. ನರಕೋಶ ತಾನು ಸುರಿಸಿದ ಸೆರೊಟೋನಿನ್ ಅನ್ನು ಹೀಗೆಯೇ ಮರಳಿ ಒಳಗೆಳೆದುಕೊಳ್ಳುತ್ತದೆ. ಎಸ್ಸಿಟಲೋಪ್ರಾಮ್, ಸರ್ಟ್ರಲಿನ್, ಪರಾಕ್ಸೆಟಿನ್, ಫ್ಲುವೊಕ್ಸೆಟಿನ್‌ಗಳಂಥ ಔಷಧಗಳು ಈ ಪಂಪುಗಳನ್ನು ಬಂದ್ ಮಾಡುತ್ತವೆ. ಕಾಲುವೆಯಲ್ಲಿ ನೀರು ಏರುತ್ತದೆ. ಆದರೆ ಗೇಟಿನ ಪಕ್ಕದಲ್ಲಿಯೇ ನೀರಿನ ಮಟ್ಟ ನೋಡುತ್ತ ಕುಳಿತ ಕಾವಲುಗಾರನೊಬ್ಬನಿದ್ದಾನೆ. ಮಟ್ಟ ಎಂದಿಗಿಂತ ಮೇಲೆ ಹೋದದ್ದನ್ನು ಕಂಡು ಅವನು, ತನ್ನ ಕರ್ತವ್ಯವೆಂದೇ ಭಾವಿಸಿ, ಗೇಟನ್ನು ಇಳಿಸಿಬಿಡುತ್ತಾನೆ. ಪಂಪು ನಿಂತರೂ ಕಾಲುವೆಯ ಕೊನೆಯ ಹೊಲಕ್ಕೆ ನೀರು ಹೆಚ್ಚುವುದಿಲ್ಲ. ಆ ಹೊಲದ ರೈತನೇ ಒಂಬತ್ತನೆಯ ದಿನ ನನಗೆ ಫೋನ್ ಮಾಡಿದವನು.

ಈ ಕಾವಲುಗಾರನಿಗೆ ವಿಜ್ಞಾನದಲ್ಲಿ ಸ್ವಗ್ರಾಹಿ ಎನ್ನಬಹುದು. ಮೆದುಳುಕಾಂಡದ ನಡುಗೆರೆಯಲ್ಲಿ, ಬಟ್ಟೆಯ ಎರಡು ತುಂಡುಗಳನ್ನು ಕೂಡಿಸಿದ ಹೊಲಿಗೆಯಂತೆ ಕಾಣುವ ಜಾಗದಲ್ಲಿ, ಸೆರೊಟೋನಿನ್ ತಯಾರಿಸುವ ನರಕೋಶಗಳಿವೆ. ರಾಫೆ ಎಂಬ ಅದರ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ಹೊಲಿಗೆಯೆಂದೇ ಅರ್ಥ. ಸುಮಾರು 8,600 ಕೋಟಿ ನರಕೋಶಗಳ ಮೆದುಳಿನಲ್ಲಿ ಇವು ಕೆಲವೇ ಲಕ್ಷ. ಆದರೂ ಇವುಗಳ ಎಳೆಗಳು ಮೆದುಳಿನ ಮೂಲೆಮೂಲೆಗೂ ಹರಡಿವೆ. ಈ ಕೋಶಗಳ ಮೈಮೇಲೆ, ತಮ್ಮದೇ ಸೆರೊಟೋನಿನ್ ಎಷ್ಟು ಸೇರಿದೆ ಎಂದು ಅಳೆಯುವ ಗ್ರಾಹಿಗಳಿರುತ್ತವೆ. ಹೆಚ್ಚಾಯಿತೆಂದು ಕಂಡೊಡನೆ ಅವು ಕೋಶದ ಮಿಡಿತವನ್ನು ತಗ್ಗಿಸುತ್ತವೆ. 1980ರ ದಶಕದಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಕ್ಲೋಡ್ ದ ಮೊಂಟಿನಿ ಮತ್ತು ಪಿಯೆರ್ ಬ್ಲಿಯೆ ಎಂಬ ವಿಜ್ಞಾನಿಗಳು ಇಲಿಗಳಿಗೆ ಇಂಥ ಔಷಧವನ್ನು ದಿನವೂ ಕೊಟ್ಟು ಈ ಕೋಶಗಳ ಮಿಡಿತವನ್ನು ಅಳೆದರು. ಎರಡು ದಿನಗಳ ಬಳಿಕ ಮಿಡಿತ ತೀರ ಕುಸಿದಿತ್ತು, ಏಳನೆಯ ದಿನಕ್ಕೆ ಅರೆಬರೆ ಚೇತರಿಸಿತ್ತು, ಹದಿನಾಲ್ಕನೆಯ ದಿನಕ್ಕೆ ಮೊದಲಿನಂತಾಗಿತ್ತು. ಔಷಧ ಬದಲಾಗಿರಲಿಲ್ಲ, ಪ್ರಮಾಣವೂ ಬದಲಾಗಿರಲಿಲ್ಲ. ಬದಲಾದವನು ಕಾವಲುಗಾರ. ದಿನವೂ ಅದೇ ಎತ್ತರದ ನೀರನ್ನು ನೋಡಿ ನೋಡಿ ಅವನ ಗಾಬರಿ ಇಳಿದು, ಗೇಟನ್ನು ಮತ್ತೆ ಎತ್ತಿದ್ದ. ಈಗ ಗೇಟೂ ತೆರೆದಿದೆ, ಪಂಪೂ ನಿಂತಿದೆ. ನೀರು ಕಾಲುವೆಯ ತುದಿ ಮುಟ್ಟುವುದು ಆಗ.

ಇಷ್ಟಕ್ಕೇ ಕಥೆ ಮುಗಿಯುವುದಿಲ್ಲ. ನೀರು ತಲುಪಿದ ಹೊಲದಲ್ಲಿಯೂ ಕೆಲಸವಿದೆ: ಭಯವನ್ನು ನಿಭಾಯಿಸುವ ಭಾಗಗಳ ನರಕೋಶಗಳು ತಮ್ಮ ಗ್ರಾಹಿಗಳನ್ನು ಹೊಂದಿಸಿಕೊಳ್ಳಬೇಕು, ಹೊಸ ಪ್ರೋಟೀನುಗಳನ್ನು ಕಟ್ಟಬೇಕು, ಪರಸ್ಪರ ಸಂಪರ್ಕಗಳನ್ನು ತಿದ್ದಿಕೊಳ್ಳಬೇಕು. ಇದನ್ನು ಅಳಿಯನಿಗೆ ನಾನು ಅವನದೇ ಭಾಷೆಯಲ್ಲಿ ಹೇಳಿದೆ. ಏಪ್ರಿಲ್ ಚಾಟ್ನಿ, ಅಂದರೆ ಕಡ್ಡಿ ಸವರುವ ಕೆಲಸ, ಮಾಡಿ ಬಳ್ಳಿಯನ್ನು ಬೋಳಿಸಿದ ಮೇಲೆ ಹೊಸ ಕಡ್ಡಿ ಚಿಗುರುತ್ತದೆ. ಸುಮಾರು ನಲವತ್ತರಿಂದ ಎಪ್ಪತ್ತು ದಿನಗಳೊಳಗೆ ಆ ಕಡ್ಡಿಯ ಪುಟ್ಟ ಮೊಗ್ಗುಗಳ ಒಳಗೆ, ಮುಂದೆ ಗೊನೆ ಬರಬೇಕೋ ಬರಿಯ ಬಳ್ಳಿ ಬರಬೇಕೋ ಎಂಬುದು ತೀರ್ಮಾನವಾಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಬೇಕೆಂದವರು ಪ್ರಯೋಗಾಲಯಕ್ಕೆ ಕಡ್ಡಿ ಕಳಿಸಿ ಮೊಗ್ಗನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿ ನೋಡಿಸಬೇಕು. ಗೊನೆ ಕಣ್ಣಿಗೆ ಬೀಳುವುದು ಅಕ್ಟೋಬರ್ ಚಾಟ್ನಿಯ ಬಳಿಕ. ಮೇ ತಿಂಗಳಲ್ಲಿ ಗೊನೆ ಕಾಣಲಿಲ್ಲವೆಂದು ಬಳ್ಳಿಯನ್ನು ಕಡಿದು ಹಾಕುವ ರೈತನನ್ನು ನಮ್ಮ ಜಿಲ್ಲೆಯಲ್ಲಿ ಯಾರೂ ಕಂಡಿರಲಾರರು.

"ಅದು ಖರೇ ಮಾಮಾ, ಆದರ ಬಳ್ಳಿಗೆ ತ್ರಾಸ ಆಗೂದಿಲ್ಲಲ್ಲ" ಎಂದ. ಅವನ ಮಾತಿನಲ್ಲಿ ಸತ್ಯವಿತ್ತು. ಮೊದಲ ಒಂದೆರಡು ವಾರ ಕೆಲವರಿಗೆ ಚಡಪಡಿಕೆ, ನಿದ್ರಾಭಂಗ, ಆತಂಕದ ಏರಿಕೆ ನಿಜವಾಗಿಯೂ ಆಗುತ್ತವೆ. ಅದಕ್ಕೆಂದೇ ಭಯದ ದಾಳಿಗಳಿರುವವರಿಗೆ ವೈದ್ಯರು ಸಾಮಾನ್ಯವಾಗಿ ಅರ್ಧ ಪ್ರಮಾಣದಿಂದ ಆರಂಭಿಸುತ್ತಾರೆ. ಹೊಟ್ಟೆ ತೊಳಸುವುದೂ ಉಂಟು, ಮತ್ತು ಅದರ ಹಿಂದೆ ಒಂದು ಸೊಗಸಾದ ಇತಿಹಾಸವಿದೆ. ಸೆರೊಟೋನಿನ್ ಮೊದಲು ಸಿಕ್ಕಿದ್ದು ಮೆದುಳಿನಲ್ಲಲ್ಲ. 1930ರ ದಶಕದಲ್ಲಿ ಇಟಲಿಯ ವಿಟ್ಟೋರಿಯೊ ಎರ್ಸ್ಪಾಮರ್ ಅದನ್ನು ಕರುಳಿನಲ್ಲಿ ಕಂಡು ಎಂಟೆರಾಮಿನ್ ಎಂದು ಕರೆದ. 1948ರಲ್ಲಿ ಅಮೆರಿಕದ ಮಾರಿಸ್ ರ‍್ಯಾಪೋರ್ಟ್, ಆರ್ಡಾ ಗ್ರೀನ್, ಅರ್ವಿನ್ ಪೇಜ್ ಅದನ್ನೇ ರಕ್ತದ ಸೀರಮ್‌ನಿಂದ ಬೇರ್ಪಡಿಸಿ ಸೆರೊಟೋನಿನ್ ಎಂದರು. ಕಡಲಿನ ಮೃದ್ವಂಗಿಗಳ ಸ್ನಾಯುಗಳನ್ನು ಅಧ್ಯಯನ ಮಾಡುತ್ತಿದ್ದ ಬೆಟ್ಟಿ ಟ್ವಾರೋಗ್ ಎಂಬ ಯುವ ವಿಜ್ಞಾನಿ ಅದು ಮೆದುಳಿನಲ್ಲಿಯೂ ಇದೆ ಎಂದು ಪೇಜ್ ಜೊತೆಗೂಡಿ 1953ರಲ್ಲಿ ತೋರಿಸಿದಳು. ಇಂದಿಗೂ ದೇಹದ ಸೆರೊಟೋನಿನ್‌ನಲ್ಲಿ ಸುಮಾರು ಶೇ. 90 ಭಾಗ ಕರುಳಿನದೇ. ಗುಳಿಗೆಗೆ ಕರುಳು, ಮೆದುಳು ಎಂಬ ಭೇದ ತಿಳಿಯದು. ಹೀಗಾಗಿ ಮೊದಲ ವಾರ ಹೊಟ್ಟೆ ಗೊಣಗುತ್ತದೆ, ಬಳಿಕ ಬಹುತೇಕರಲ್ಲಿ ತಾನಾಗಿ ಸುಮ್ಮನಾಗುತ್ತದೆ. ಅಂದರೆ ಈ ತೊಂದರೆಗಳು ಔಷಧ ದೇಹದಲ್ಲಿ ತನ್ನ ಕೆಲಸಕ್ಕೆ ಇಳಿದಿದೆ ಎಂಬುದರ ಕುರುಹುಗಳು.

ಇಲ್ಲಿ ಒಂದು ಎಚ್ಚರಿಕೆಯನ್ನು ಸ್ಪಷ್ಟವಾಗಿ ಹೇಳಬೇಕು. ತಡೆಯಲಾರದ ಚಡಪಡಿಕೆಯಾದರೆ, ಬದುಕೇ ಬೇಡವೆಂಬ ಯೋಚನೆ ಬಂದರೆ, ಕಾಯುತ್ತ ಕೂಡ್ರಬಾರದು. ಅದೇ ದಿನ ವೈದ್ಯರಿಗೆ ತಿಳಿಸಬೇಕು. ಇಪ್ಪತ್ತೈದು ವರ್ಷದೊಳಗಿನವರಲ್ಲಿ ಮೊದಲ ವಾರಗಳಲ್ಲಿ ಮನೆಯವರು ವಿಶೇಷವಾಗಿ ಗಮನವಿಡಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲಿಯೇ ಮಾತನಾಡಬಹುದು. ಈ ವಾರಗಳನ್ನು ದಾಟಿಸಲು ವೈದ್ಯರು ಕ್ಲೋನಜೆಪಾಮ್‌ನಂಥ ಗುಳಿಗೆಯನ್ನೂ ಕೆಲವೊಮ್ಮೆ ಕೊಡುತ್ತಾರೆ. ಅದು ಒಂದು ತಾಸಿನೊಳಗೆ ಶಾಂತಿ ತರುತ್ತದೆ, ಆದರೆ ರೂಢಿಯಾಗುವ ಅಪಾಯವುಳ್ಳದ್ದು. ಎರಡು ನಾಲ್ಕು ವಾರಗಳ ಊರುಗೋಲಾಗಿ, ವೈದ್ಯರು ಹೇಳಿದಷ್ಟೇ ಬಳಸತಕ್ಕದ್ದು. "ಮೆದುಳಿನ ಗುಳಿಗಿ ಚಟ ಹತ್ತತಾವ" ಎಂದು ಹೆದರಿಸುವವರು ಈ ಎರಡು ಬಗೆಯ ಗುಳಿಗೆಗಳನ್ನು ಒಂದೇ ಎಂದು ತಿಳಿದಿರುತ್ತಾರೆ. ಎಸ್ಸಿಟಲೋಪ್ರಾಮ್‌ನಂಥವನ್ನು ಒಮ್ಮೆಲೇ ನಿಲ್ಲಿಸಬಾರದು, ಹಂತಹಂತವಾಗಿ ಇಳಿಸಬೇಕು ಎಂಬುದು ನಿಜ. ಆದರೆ ಅವಕ್ಕಾಗಿ ಹಂಬಲಿಸಿ ಪ್ರಮಾಣ ಏರಿಸುತ್ತ ಹೋಗುವ ಚಟ ಹತ್ತುವುದಿಲ್ಲ.

ಹಾಗಾದರೆ ಇಂದು ರಾತ್ರಿ ದಾಳಿ ಬಂದರೆ ಏನು ಮಾಡುವುದು? ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯನ್ನು ನೆನೆಯಿರಿ. ಅಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಏಳಕ್ಕೂ ಹೆಚ್ಚು ಬಾರಿ ಮರುದನಿ ಬರುತ್ತದೆ, ಪ್ರತಿ ಸಲವೂ ಮೊದಲಿಗಿಂತ ಕ್ಷೀಣವಾಗಿ, ಬಳಿಕ ಸದ್ದಡಗುತ್ತದೆ. ಆದರೆ ಶಾಲಾ ಪ್ರವಾಸದ ದಿನ ಅಲ್ಲಿ ನಿಶ್ಶಬ್ದವೇ ಇರುವುದಿಲ್ಲ, ಏಕೆಂದರೆ ಮರುದನಿ ಕೇಳಿ ಮಕ್ಕಳು ಮತ್ತೆ ಕೂಗುತ್ತಾರೆ. ಬ್ರಿಟನ್ನಿನ ಮನೋವಿಜ್ಞಾನಿ ಡೇವಿಡ್ ಕ್ಲಾರ್ಕ್ 1986ರಲ್ಲಿ ಭಯದ ದಾಳಿಯ ಬಗ್ಗೆ ಮಂಡಿಸಿದ ವಿವರಣೆ ಹೆಚ್ಚು ಕಡಿಮೆ ಇದೇ. ಎದೆ ಒಮ್ಮೆ ಜೋರಾಗಿ ಬಡಿಯುತ್ತದೆ. ಇದು ಹೃದಯಾಘಾತವೇ ಎಂದು ಮನಸ್ಸು ಕೂಗುತ್ತದೆ. ಆ ಕೂಗಿಗೆ ಅಡ್ರಿನಲಿನ್ ಸುರಿದು ಎದೆ ಇನ್ನೂ ಜೋರಾಗಿ ಬಡಿಯುತ್ತದೆ. ರಕ್ತದಲ್ಲಿನ ಅಡ್ರಿನಲಿನ್ ಕೆಲವೇ ನಿಮಿಷಗಳಲ್ಲಿ ಕರಗುವಂಥದ್ದು. ದಾಳಿ ಸಾಮಾನ್ಯವಾಗಿ ಹತ್ತು ನಿಮಿಷಗಳಲ್ಲಿ ಶಿಖರ ಮುಟ್ಟಿ ಇಳಿಯತೊಡಗುತ್ತದೆ. ಹೃದಯದ ತಪಾಸಣೆ ಒಮ್ಮೆ ಸರಿಯಾಗಿ ಆಗಿದ್ದರೆ, ಮತ್ತೆ ಮತ್ತೆ ನಾಡಿ ಹಿಡಿದು ನೋಡುವುದು ಗುಮ್ಮಟದೊಳಗೆ ಮತ್ತೆ ಕೂಗಿದಂತೆ.

ದಾಳಿಯ ಹೊತ್ತಿನಲ್ಲಿ ಉಸಿರಾಟ ತಾನಾಗಿ ವೇಗವಾಗಿ, ರಕ್ತದ ಇಂಗಾಲದ ಡೈಆಕ್ಸೈಡ್ ತಗ್ಗಿ, ಮೆದುಳಿನ ರಕ್ತನಾಳಗಳು ಕಿರಿದಾಗಿ ತಲೆ ತಿರುಗುತ್ತದೆ, ಬೆರಳು ಜುಮುಗುಡುತ್ತವೆ. ಆಮ್ಲಜನಕ ಸಾಲದೆಂದು ತಿಳಿದು ಇನ್ನಷ್ಟು ಎಳೆದುಕೊಂಡರೆ ತೊಂದರೆ ಹೆಚ್ಚುತ್ತದೆ. ಬೇಕಾದದ್ದು ನಿಧಾನವಾಗಿ, ಉದ್ದವಾಗಿ ಉಸಿರು ಬಿಡುವುದು. ಉಸಿರು ಬಿಡುವಾಗ ವೇಗಸ್ ಎಂಬ ನರ ಹೃದಯದ ಲಗಾಮನ್ನು ಬಿಗಿಗೊಳಿಸುತ್ತದೆ. ಆ ಲಗಾಮು ರಾಸಾಯನಿಕವೆಂದು ತೋರಿಸಿದವನು ಆಟೊ ಲೋವಿ ಎಂಬ ವಿಜ್ಞಾನಿ. ಪ್ರಯೋಗದ ವಿಧಾನ ಅವನಿಗೆ ಕನಸಿನಲ್ಲಿ ಹೊಳೆಯಿತು. ರಾತ್ರಿ ಎದ್ದು ಬರೆದಿಟ್ಟದ್ದನ್ನು ಬೆಳಿಗ್ಗೆ ಓದಲಾಗಲಿಲ್ಲ. ಮರುರಾತ್ರಿ ಅದೇ ಕನಸು ಮರಳಿದಾಗ ನೇರವಾಗಿ ಪ್ರಯೋಗಾಲಯಕ್ಕೆ ಹೋದ. ಒಂದು ಕಪ್ಪೆಯ ಹೃದಯವನ್ನು ವೇಗಸ್ ನರದಿಂದ ನಿಧಾನಗೊಳಿಸಿ, ಅದರ ಸುತ್ತಲಿನ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದಾಗ ಅದೂ ನಿಧಾನವಾಯಿತು. 1921ರಲ್ಲಿ ಪ್ರಕಟವಾದ ಈ ಕೆಲಸಕ್ಕೆ 1936ರಲ್ಲಿ ನೊಬೆಲ್ ಬಂದಿತು. ಈ ಲಗಾಮು ಪ್ರತಿಯೊಬ್ಬರ ಎದೆಯಲ್ಲಿಯೂ ಇದೆ, ಔಷಧ ಫಲ ಕೊಡುವ ಮುಂಚೆಯೂ ಇರುತ್ತದೆ.

ಚಹಾದ ವಿಷಯವನ್ನು ಹೇಳಿದರೆ ನಮ್ಮ ಭಾಗದವರಿಗೆ ಬೇಸರವಾಗಬಹುದು. ಕೆಫೀನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಐದು ತಾಸು ಬೇಕು, ಮತ್ತು ಅದು ಭಯದ ದಾಳಿಯನ್ನು ಕೆರಳಿಸಬಲ್ಲದು. ದಿನಕ್ಕೆ ಏಳೆಂಟು ಖಡಕ್ ಚಹಾ ಕುಡಿಯುವವರು ಈ ವಾರಗಳಲ್ಲಿ ಒಂದಕ್ಕೆ ಇಳಿಯುವುದು ಲೇಸು. ತಂಬಾಕಿನ ನಿಕೋಟಿನ್ ಎದೆಬಡಿತ ಏರಿಸುತ್ತದೆ. ಮದ್ಯ ರಾತ್ರಿ ಆತಂಕವನ್ನು ತಗ್ಗಿಸಿದಂತೆ ಮಾಡಿ ಬೆಳಿಗ್ಗೆ ಬಡ್ಡಿ ಸಮೇತ ಮರಳಿಸುತ್ತದೆ.

ಇನ್ನು ಗಾಳಿ ಸೋಕಿದ ಮಾತು. ನನ್ನನ್ನು ನಿಜಕ್ಕೂ ಚಿಂತೆಗೀಡುಮಾಡುವುದು ಇದು. ಮೂರು ವಾರ ಗುಳಿಗೆ ನುಂಗಿ ಗುಣ ಕಾಣದವನನ್ನು ನಾಲ್ಕನೆಯ ವಾರ ಮೈಮೇಲೆ ದೇವರು ಬರುವವರ ಬಳಿ ಕರೆದೊಯ್ದು ತಾಯಿತ ಕಟ್ಟಿಸುತ್ತಾರೆ. ಔಷಧ ಫಲ ಕೊಡುವುದು ಸರಿಯಾಗಿ ಆ ಹೊತ್ತಿಗೆ. ಕೀರ್ತಿ ತಾಯಿತಕ್ಕೆ ಹೋಗುತ್ತದೆ, ಗುಳಿಗೆ ನಿಲ್ಲುತ್ತದೆ, ಕೆಲವು ತಿಂಗಳಲ್ಲಿ ಕಾಯಿಲೆ ಮರಳುತ್ತದೆ, ಆಗ ಮಾಟ ಮಾಡಿದವರನ್ನು ಹುಡುಕಲು ಶುರುವಾಗುತ್ತದೆ. ದೇವರಲ್ಲಿ ನಂಬಿಕೆಯಿಟ್ಟವರು ದೇವರಿಗೆ ನಡೆದುಕೊಳ್ಳಲಿ. ಗುಳಿಗೆಯನ್ನು ಮಾತ್ರ ಬಿಡಿಸಬಾರದು. ಇದೇ ಕರ್ನಾಟಕದ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಸಾಧ್ಯವೆಂದು ತೋರಿಸಿ, 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಗುಣವಾಗುತ್ತಿರುವುದು ರೋಗಿಗೇ ಮೊದಲು ತಿಳಿಯುತ್ತದೆ ಎಂಬುದೂ ಸರಿಯಲ್ಲ. 1960ರ ಆಸುಪಾಸಿನಲ್ಲಿ ನ್ಯೂಯಾರ್ಕಿನ ಹಿಲ್‌ಸೈಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಕ್ಲೈನ್ ಮತ್ತು ಮ್ಯಾಕ್ಸ್ ಫಿಂಕ್, ತೀವ್ರ ಆತಂಕದ ರೋಗಿಗಳಿಗೆ ಇಮಿಪ್ರಮಿನ್ ಎಂಬ ಔಷಧ ಕೊಟ್ಟು ನೋಡಿದರು. ಕೆಲವು ವಾರ ಕಳೆದರೂ ಏನೂ ಬದಲಾಗಿಲ್ಲವೆಂದು ರೋಗಿಯೂ ಹೇಳಿದ, ಅವನ ಚಿಕಿತ್ಸಕರೂ ಹೇಳಿದರು. ದಾದಿಯರು ಮಾತ್ರ ಒಪ್ಪಲಿಲ್ಲ. ದಿನಕ್ಕೆ ಮೂರು ನಾಲ್ಕು ಸಲ ಸಾಯುತ್ತಿದ್ದೇನೆಂದು ತಮ್ಮ ಬಳಿ ಓಡಿ ಬರುತ್ತಿದ್ದವನು ಈಗ ಬರುತ್ತಿಲ್ಲ ಎಂದರು. ಮುಂಬರುವ ದಾಳಿಯ ಅಂಜಿಕೆ ಅವನಲ್ಲಿ ಹಾಗೆಯೇ ಉಳಿದಿತ್ತು. ದಾಳಿಗಳು ಮಾತ್ರ ನಿಂತಿದ್ದವು. ಆ ಅಂಜಿಕೆ ಹೋಗಲು, ಹೆದರಿ ಬಿಟ್ಟ ಜಾಗಗಳಿಗೆ ಮೆಲ್ಲಗೆ ಮತ್ತೆ ಹೋಗುತ್ತ ರೂಢಿ ಮಾಡಿಕೊಳ್ಳಬೇಕಾಗುತ್ತದೆ.

ನಮ್ಮ ಅಳಿಯ ಗುಳಿಗೆ ಬಿಡಲಿಲ್ಲ. ಅಂದೇ ವೈದ್ಯರಿಗೆ ಫೋನ್ ಮಾಡಿದ, ಅವರು ಪ್ರಮಾಣವನ್ನು ಕೆಲವು ದಿನಗಳ ಮಟ್ಟಿಗೆ ತಗ್ಗಿಸಿದರು. ಐದನೆಯ ವಾರ ವಿಚಾರಿಸಿದಾಗಲೂ ಅವನು "ಏನೂ ಫರಕ್ ಇಲ್ಲ ಮಾಮಾ" ಎಂದೇ ಹೇಳಿದ. ಪಕ್ಕದಲ್ಲಿದ್ದ ಅಕ್ಕ ಫೋನ್ ಕಸಿದುಕೊಂಡಳು. ಎರಡು ತಿಂಗಳಿನಿಂದ ಯಾರಾದರೊಬ್ಬರು ಜೊತೆಗಿಲ್ಲದೆ ತೋಟಕ್ಕೆ ಕಾಲಿಡದಿದ್ದವನು, ದವಾಖಾನೆಗೆ ಗಾಡಿ ಕರೆಯಬೇಕಾದೀತೆಂದು ಮೊಬೈಲನ್ನು ಕೈಯಿಂದ ಬಿಡದಿದ್ದವನು, ಆ ದಿನ ನಸುಕಿನಲ್ಲಿ ಒಬ್ಬನೇ ಪಡಕ್ಕೆ ಹೋಗಿ ಮಧ್ಯಾಹ್ನ ಊಟಕ್ಕೆ ಬಂದಿದ್ದನಂತೆ. ಮೊಬೈಲು ಬೆಳಗಿನಿಂದ ಅಡುಗೆಮನೆಯ ಗೋಡೆಯ ಮಾಡಿನಲ್ಲಿಯೇ ಇತ್ತು.